ಬರೀ 6000 ಕ್ಲಿಕ್ ಅಂದರೆ ಸಾಕಾ? ಹಳೇ ಕ್ಯಾಮೆರಾದ ಶಟರ್ ನೋಡುವ ಬಗೆ

ಹೋದ ಆಗಸ್ಟ್‌ನಲ್ಲಿ ಪಕ್ಕದ ತೋಟದ ಹುಡುಗ ಫೋನ್ ಮಾಡಿದ್ದ. "ಅಕ್ಕಾ, ಮಡಿಕೇರಿಯಲ್ಲಿ ಒಂದು ನಿಕಾನ್ ಡಿ7000 ಇದೆ. ಬರೀ 6000 ಕ್ಲಿಕ್ ಅಂತೆ. ತಗೊಂಡುಬಿಡ್ಲಾ?"

"ಮುಂಗಡ ಕೊಡಬೇಡ, ನಾನೂ ಬರ್ತೀನಿ" ಅಂದೆ.

ಸೋಮವಾರಪೇಟೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಬೇಸಿಗೆಯಲ್ಲಿ ಹಾಕಿ ಪಂದ್ಯ, ಇವೇ ನನ್ನ ಕೆಲಸ. ಹೊಸ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಕೊಂಡದ್ದು ಒಂದೇ ಸಲ. ಉಳಿದದ್ದೆಲ್ಲ ಸೆಕೆಂಡ್ ಹ್ಯಾಂಡ್. ಮೊದಲನೆಯದನ್ನು ನಾನೂ ಕ್ಲಿಕ್ ಎಷ್ಟು, ಅಂದರೆ ಶಟರ್ ಎಷ್ಟು ಸಲ ಓಡಿದೆ, ಅಂತ ಮಾತ್ರ ಕೇಳಿ ಕೊಂಡಿದ್ದೆ. ವಿರಾಜಪೇಟೆ ಕಡೆಯ ಒಂದು ಕೊಡವ ಮದುವೆ. ಒಡಿಕತ್ತಿ ಎತ್ತಿ ಬಾಳೆ ಕಡಿಯುವ ಹೊತ್ತು. ತೆಗೆದ ಅಷ್ಟೂ ಫೋಟೋಗಳಲ್ಲಿ ಮೇಲಿನ ಅರ್ಧ ಕಪ್ಪು. ಆಮೇಲೆ ಶಟರ್ ಪೂರ್ತಿ ನಿಂತೇ ಹೋಯಿತು. ಆ ಮನೆಯವರಿಗೆ ಆ ಗಳಿಗೆಯ ಒಂದು ಫೋಟೋವನ್ನೂ ನನ್ನಿಂದ ಕೊಡಲಾಗಲಿಲ್ಲ. ಅದು ಇವತ್ತಿಗೂ ನನಗೆ ನೋವು. ಅದಕ್ಕೇ ಯಾರು ಕರೆದರೂ ಕ್ಯಾಮೆರಾ ನೋಡಲು ಜೊತೆಗೆ ಹೋಗುತ್ತೇನೆ.

ಶಟರ್ ಅಂದರೆ ಸೆನ್ಸರ್ (ಬೆಳಕು ಹಿಡಿದು ಫೋಟೋ ಮಾಡುವ ಭಾಗ) ಮುಂದಿರುವ ಎರಡು ಪರದೆ. ತೆಳುವಾದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿರುತ್ತಾರೆ. ಮೊದಲನೆಯದು ತೆರೆಯುತ್ತದೆ, ಎರಡನೆಯದು ಹಿಂದೆಯೇ ಬಂದು ಮುಚ್ಚುತ್ತದೆ. 1/4000 ಸೆಕೆಂಡ್‌ನಂಥ ವೇಗದಲ್ಲಿ ಸೆನ್ಸರ್ ಒಮ್ಮೆಗೇ ಪೂರ್ತಿ ತೆರೆದುಕೊಳ್ಳುವುದಿಲ್ಲ. ಎರಡು ಪರದೆಗಳ ನಡುವಿನ ಸಣ್ಣ ಸೀಳೊಂದು ಮೇಲಿಂದ ಕೆಳಗೆ ಓಡುತ್ತದೆ, ಅಷ್ಟೇ. ಅದರಲ್ಲಿ ಒಂದು ಪರದೆ ಚೂರು ತಡವರಿಸಿದರೂ ಫೋಟೋದ ಒಂದು ಬದಿ ಕಪ್ಪಾಗುತ್ತದೆ. ಈ ಮಾತು ನೆನಪಿರಲಿ, ಮುಂದೆ ಮಾಡುವ ಪರೀಕ್ಷೆಗಳೆಲ್ಲ ಇದರ ಮೇಲೇ ನಿಂತಿವೆ.

ಮೊದಲು ಎಣಿಕೆ ಓದೋಣ. ಫೈಲ್ ನಂಬರ್ ನೋಡಿ ಲೆಕ್ಕ ಹಾಕಬೇಡಿ. ಅದು 9999 ಆದ ಮೇಲೆ ಮತ್ತೆ 0001ಕ್ಕೆ ಬರುತ್ತದೆ. ಮೆನುವಿನಲ್ಲಿ ಬೇಕೆಂದಾಗ ಹೊಸದಾಗಿ ಶುರು ಮಾಡಲೂ ಬಹುದು. ನಿಜವಾದ ಎಣಿಕೆ ಫೋಟೋದ ಒಳಗಿರುತ್ತದೆ. ನಿಕಾನ್ ಮತ್ತು ಪೆಂಟಾಕ್ಸ್ ಡಿಎಸ್‌ಎಲ್‌ಆರ್‌ಗಳು (ಒಳಗೆ ಕನ್ನಡಿ ಇರುವ ಕ್ಯಾಮೆರಾಗಳು) ಪ್ರತಿ ಫೋಟೋದಲ್ಲೂ ಇದನ್ನು ಬರೆದಿಡುತ್ತವೆ. ಸೋನಿಯ ಹಲವು ಮಾಡೆಲ್‌ಗಳಲ್ಲೂ ಇದೆ. ಓದಲು ಎಕ್ಸಿಫ್‌ಟೂಲ್ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಅದರ ಐಕಾನ್ ಮೇಲೆ ಫೋಟೋವನ್ನು ಎಳೆದು ಬಿಡಿ. ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ 'ಶಟರ್ ಕೌಂಟ್' ಅನ್ನುವ ಸಾಲು ಹುಡುಕಿ. ಅಲ್ಲೇ ಸೀರಿಯಲ್ ನಂಬರ್ ಕೂಡ ಸಿಕ್ಕರೆ ಬಾಡಿಯ ತಳದಲ್ಲಿರುವ ನಂಬರಿಗೆ ತಾಳೆ ನೋಡಿ. ಬೇರೆ ಯಾವುದೋ ಕ್ಯಾಮೆರಾದ ಫೋಟೋ ತೋರಿಸುವವರೂ ಇದ್ದಾರೆ.

ಕ್ಯಾನನ್‌ನಲ್ಲಿ ಇಷ್ಟು ಸುಲಭ ಇಲ್ಲ. ಬಹುತೇಕ ಮಾಡೆಲ್‌ಗಳು ಫೋಟೋದೊಳಗೆ ಎಣಿಕೆ ಬರೆಯುವುದಿಲ್ಲ. ಯುಎಸ್‌ಬಿ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಜೋಡಿಸಿಯೇ ಕೇಳಬೇಕು. ಲಿನಕ್ಸ್ ಇದ್ದವರಿಗೆ ಜಿಫೋಟೋ2 ಅನ್ನುವ ಸಾಫ್ಟ್‌ವೇರ್ ಇದೆ, ಹಲವು ಕ್ಯಾನನ್‌ಗಳು ಅದಕ್ಕೆ ಉತ್ತರ ಕೊಡುತ್ತವೆ. ಹಾಗಾಗಿ ಕೇಬಲ್ ಚೀಲದಲ್ಲೇ ಇರಲಿ.

ಮಾರುವವರು ದೂರದಲ್ಲಿದ್ದರೆ ಅವತ್ತೇ ತೆಗೆದ ಒಂದು ಫೋಟೋ ಕಳಿಸಲು ಹೇಳಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಒಳಗಿನ ಮಾಹಿತಿ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಬೇಕು. ಅಳತೆ ಬದಲಿಸಿದ, ಬಣ್ಣ ತಿದ್ದಿದ ಫೋಟೋ ಬೇಡ.

ಎಣಿಕೆ ಸಿಕ್ಕಿತು ಅಂದುಕೊಳ್ಳಿ. ಅದನ್ನು ಕಂಪನಿ ಹೇಳಿದ ಆಯುಸ್ಸಿನ ಪಕ್ಕದಲ್ಲಿಟ್ಟು ನೋಡಬೇಕು. ನಿಕಾನ್ ಡಿ3200ರ ಶಟರನ್ನು 1 ಲಕ್ಷ ಕ್ಲಿಕ್‌ಗೆ ಪರೀಕ್ಷಿಸಿರುತ್ತಾರೆ. ಡಿ7000, ಡಿ7100, ಡಿ750ಗೆ 1.5 ಲಕ್ಷ. ಕ್ಯಾನನ್ 60ಡಿಗೆ 1 ಲಕ್ಷ, 7ಡಿಗೆ 1.5 ಲಕ್ಷ. ಡಿ850ಗೆ 2 ಲಕ್ಷ. ಅಷ್ಟಾದ ತಕ್ಷಣ ನಿಂತೇ ಹೋಗುತ್ತದೆ ಅಂತಲ್ಲ. ಕೆಲವು ಅದಕ್ಕೂ ಮೊದಲೇ ಕೈಕೊಡುತ್ತವೆ, ಕೆಲವು ಅದನ್ನು ದಾಟಿಯೂ ದುಡಿಯುತ್ತವೆ.

ಎಣಿಕೆ ಮತ್ತು ಮಾರುವವರ ಮಾತು ಹೊಂದುತ್ತದೆಯೇ ಅಂತಲೂ ನೋಡಿ. ನಾನು ಒಂದು ಮದುವೆಗೆ ಸುಮಾರು 2500 ಕ್ಲಿಕ್ ಮಾಡುತ್ತೇನೆ. ವರ್ಷಕ್ಕೆ 40 ಮದುವೆ ಹಿಡಿದರೆ ಅಲ್ಲಿಗೇ 1 ಲಕ್ಷ. ಹಾಕಿ ಮೈದಾನದಲ್ಲಿ ಇನ್ನೂ ಜಾಸ್ತಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ನೀವು ನೋಡಿರುತ್ತೀರಿ. ಕ್ಯಾನನ್ 7ಡಿ ಸೆಕೆಂಡಿಗೆ 8 ಫೋಟೋ ಹೊಡೆಯುತ್ತದೆ. ಒಂದು ಗೋಲಿಗೆ 2 ಸೆಕೆಂಡ್ ಬೆರಳಿಟ್ಟರೆ 16 ಕ್ಲಿಕ್ ಆಯಿತು. ಹಾಗಿರುವಾಗ ಹಿಡಿಯ ರಬ್ಬರ್ ಎದ್ದಿದೆ, ಫ್ಲ್ಯಾಶ್ ಕೂರಿಸುವ ಜಾಗ ಉಜ್ಜಿ ಬಿಳಿಯಾಗಿದೆ, ಎಣಿಕೆ ಮಾತ್ರ 9000 ಅಂದರೆ ಅನುಮಾನ ಪಡಲೇಬೇಕು. ಒಳಗಿನ ಬೋರ್ಡ್ ಬದಲಾಗಿದ್ದರೂ ಎಣಿಕೆ ಬದಲಾಗಿರಬಹುದು. ರಿಪೇರಿ ಬಿಲ್ ಇದೆಯಾ ಅಂತ ಕೇಳಿ. ಹೊಸ ಶಟರ್ ಹಾಕಿಸಿದ ಬಿಲ್ ಇದ್ದರೆ ಅದು ಒಳ್ಳೆಯ ಸುದ್ದಿಯೇ.

ಮಡಿಕೇರಿಯ ಡಿ7000ರಲ್ಲಿ ಎಣಿಕೆ ನಿಜವಾಗಿಯೂ 6200ರ ಹತ್ತಿರ ಇತ್ತು. ಹುಡುಗನ ಮುಖ ಅರಳಿತು. ನನಗೆ ಸಮಾಧಾನ ಆಗಲಿಲ್ಲ. ಬೀರುವಿನಿಂದ ಚರ್ಮದ ಚೀಲ ತೆಗೆದಾಗಲೇ ಬೂಷ್ಟು ವಾಸನೆ ಬಂದಿತ್ತು.

ಇಲ್ಲಿ ಒಂದು ಮಾತು. ನೀವು ನೋಡಲು ಹೋಗುವ ದಿನ, ನಾನು ಬರುವ ಮೊದಲು ಕ್ಯಾಮೆರಾ ಆನ್ ಮಾಡಬೇಡಿ ಅಂತ ಮಾರುವವರಿಗೆ ಹೇಳಿಡಿ. ಅಂಟಂಟಾದ ಶಟರ್ ಬಹಳ ಹೊತ್ತು ಸುಮ್ನೆ ಇದ್ದ ಮೇಲೆ ಮೊದಲ ಕ್ಲಿಕ್‌ನಲ್ಲೇ ಕಷ್ಟಪಡುವುದು. ಹತ್ತು ಕ್ಲಿಕ್ ಆದ ಮೇಲೆ ಸಲೀಸಾಗಿ ಓಡಬಹುದು. ಆಗ ದೋಷ ನಿಮಗೆ ಕಾಣುವುದೇ ಇಲ್ಲ.

ಪರೀಕ್ಷೆಗೆ ಒಂದು ಬಿಳಿ ಗೋಡೆ ಬೇಕು, ಹಗಲಿನ ಬೆಳಕು ಬೇಕು. ಮಳೆಗಾಲದ ಮೋಡದ ಬೆಳಕಂತೂ ಇದಕ್ಕೆ ಹೇಳಿ ಮಾಡಿಸಿದ್ದು, ಎಲ್ಲ ಕಡೆ ಒಂದೇ ಸಮ ಇರುತ್ತದೆ. ಟ್ಯೂಬ್‌ಲೈಟ್, ಎಲ್‌ಇಡಿ ಆರಿಸಿ. ಅವು ಕಣ್ಣಿಗೆ ಕಾಣದಂತೆ ಮಿನುಗುತ್ತವೆ, ವೇಗದ ಶಟರ್‌ನಲ್ಲಿ ಅದೇ ಪಟ್ಟೆ ಪಟ್ಟೆಯಾಗಿ ಬೀಳುತ್ತದೆ. ಅದನ್ನು ಶಟರ್ ದೋಷ ಅಂದುಕೊಂಡು ಒಳ್ಳೆಯ ಬಾಡಿ ಬಿಟ್ಟು ಬಂದವರನ್ನು ಕಂಡಿದ್ದೇನೆ.

ಮೋಡ್ ಎಂ (ಎಲ್ಲವನ್ನೂ ನಾವೇ ಹೊಂದಿಸುವುದು) ಇರಲಿ, ಫೋಕಸ್ ಮ್ಯಾನುಯಲ್‌ನಲ್ಲಿರಲಿ. ಅಪರ್ಚರ್ (ಲೆನ್ಸ್ ಒಳಗಿನ ಬೆಳಕಿನ ಕಿಂಡಿ) ಎಫ್/5.6ರಲ್ಲಿಟ್ಟು ಮತ್ತೆ ಮುಟ್ಟಬೇಡಿ. ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಆಟೋ ಇದ್ದರೆ ತೆಗೆಯಿರಿ. ಶಟರ್ ವೇಗ 1/125 ಸೆಕೆಂಡ್‌ನಲ್ಲಿ ಐಎಸ್‌ಒ 100 ಇಟ್ಟು ಶುರು ಮಾಡಿ. ಫೋಟೋ ತೀರಾ ಕತ್ತಲಾದರೆ ಕಿಟಕಿಯ ಹತ್ತಿರಕ್ಕೋ ಜಗಲಿಗೋ ಹೋಗಿ. ಆಮೇಲೆ 1/250ಕ್ಕೆ ಐಎಸ್‌ಒ 200, 1/500ಕ್ಕೆ 400, 1/1000ಕ್ಕೆ 800, 1/2000ಕ್ಕೆ 1600, 1/4000ಕ್ಕೆ 3200. ಬಾಡಿಯಲ್ಲಿ 1/8000 ಇದ್ದರೆ ಅದಕ್ಕೆ 6400. ಪ್ರತಿ ಸಲ ಬೆಳಕಿನ ಹೊತ್ತು ಅರ್ಧ ಆಗುತ್ತದೆ, ಐಎಸ್‌ಒ ಎರಡರಷ್ಟಾಗುತ್ತದೆ. ಹಾಗಾಗಿ ಎಲ್ಲ ಫೋಟೋಗಳೂ ಒಂದೇ ಹೊಳಪಿನಲ್ಲಿ ಬರಬೇಕು. ಕಾಳು ಕಾಳಾಗಿ ಕಂಡರೆ ಪರವಾಗಿಲ್ಲ, ಅದು ಐಎಸ್‌ಒದಿಂದ. ನಾಲ್ಕು ಮೂಲೆಯಲ್ಲೂ ಸ್ವಲ್ಪ ಮಬ್ಬಿದ್ದರೆ ಅದು ಲೆನ್ಸ್‌ನದು. ಆದರೆ ವೇಗ ಏರಿದ ಹಾಗೆ ಮೇಲಿನ ಅಥವಾ ಕೆಳಗಿನ ಬದಿ ಮಾತ್ರ ಕಪ್ಪಾಗುತ್ತಾ ಹೋದರೆ ಪರದೆಗಳು ಜೊತೆಯಾಗಿ ಓಡುತ್ತಿಲ್ಲ ಅಂತ ಅರ್ಥ.

ಕೊನೆಯ ವೇಗದಲ್ಲೇ ಬೇರೆ ಬೇರೆಯಾಗಿ 10 ಫೋಟೋ ತೆಗೆಯಿರಿ. ಆಮೇಲೆ ಬರ್ಸ್ಟ್‌ಗೆ (ಬೆರಳು ಒತ್ತಿದಷ್ಟು ಹೊತ್ತೂ ಹೊಡೆಯುವುದು) ಹಾಕಿ 20 ಹೊಡೆಯಿರಿ. ಒಂದು ಬೆಳ್ಳಗೆ, ಒಂದು ಕಪ್ಪಗೆ ಬಂದರೆ ಬಿಟ್ಟುಬಿಡಿ. ಫ್ಲ್ಯಾಶ್ ಎತ್ತಿ 1/200ರಲ್ಲಿ ಒಂದೆರಡು ತೆಗೆದು ಅಂಚಿನಲ್ಲಿ ಕಪ್ಪು ಪಟ್ಟಿ ಇದೆಯಾ ನೋಡಿ. 1 ಸೆಕೆಂಡ್‌ಗೆ ಇಟ್ಟು ಕಿವಿಗೊಟ್ಟು ಕೇಳಿ. ತೆರೆಯುವ ಸದ್ದು, ಮುಚ್ಚುವ ಸದ್ದು ಎರಡೂ ಸ್ಪಷ್ಟ ಇರಬೇಕು. ಕೊನೆಗೆ ಎಣಿಕೆ ಮತ್ತೊಮ್ಮೆ ಓದಿ. ನೀವು ಹೊಡೆದಷ್ಟೇ ಏರಿದೆಯಾ ಅಂತ ನೋಡಿ.

ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಆದರೆ ಇದೆಲ್ಲ ಮಾಡುವ ಮೊದಲು ಮೆನುವಿನಲ್ಲಿ ಮೆಕ್ಯಾನಿಕಲ್ ಶಟರ್ ಆಯ್ಕೆ ಮಾಡಿ. ಎಲೆಕ್ಟ್ರಾನಿಕ್‌ನಲ್ಲಿ ಪರದೆ ಅಲ್ಲಾಡುವುದೇ ಇಲ್ಲ. ನಿಕಾನ್ ಝಡ್8, ಝಡ್9ರಲ್ಲಂತೂ ಪರದೆಯ ಶಟರೇ ಇಲ್ಲ.

ಇನ್ನು ಸೆನ್ಸರ್. ಎಫ್/16ರಲ್ಲಿ ಮೋಡದ ಆಕಾಶ ತೆಗೆದು ದೊಡ್ಡದು ಮಾಡಿ ನೋಡಿ. ಒಂದೆರಡು ಧೂಳಿನ ಚುಕ್ಕೆ ಎಲ್ಲದರಲ್ಲೂ ಇರುತ್ತದೆ, ಒರೆಸಿದರೆ ಹೋಗುತ್ತದೆ. ಒಂದೇ ಬದಿಯಲ್ಲಿ ಗುಂಪಾಗಿ ದುಂಡನೆಯ ಚುಕ್ಕೆಗಳಿದ್ದರೆ ಶಟರ್ ಕಡೆಯಿಂದ ಎಣ್ಣೆ ಸಿಡಿಯುತ್ತಿರಬಹುದು. 2012ರಲ್ಲಿ ಬಂದ ನಿಕಾನ್ ಡಿ600 ಇಂಥ ಚುಕ್ಕೆಗಳಿಗೇ ಹೆಸರಾಯಿತು. ಕಂಪನಿ ಉಚಿತವಾಗಿ ಶಟರ್ ಬದಲಿಸಿಕೊಟ್ಟಿತು. ಡಿ750ರ ಕೆಲವು ಸೀರಿಯಲ್ ನಂಬರ್‌ಗಳಿಗೂ ಶಟರ್ ಬಗ್ಗೆ 2015ರಲ್ಲಿ ಸೂಚನೆ ಬಂದಿತ್ತು. ಆ ಎರಡು ಮಾಡೆಲ್ ಕೊಳ್ಳುವಾಗ ಈ ಕೆಲಸ ಆಗಿದೆಯಾ ಅಂತ ಕೇಳಲೇಬೇಕು.

ನಮ್ಮ ಕೊಡಗಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಚುಕ್ಕೆಗಲ್ಲ, ಫಂಗಸ್‌ಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೂ ಬೂಷ್ಟು ಬರುತ್ತದೆ. ಅಂಥ ಕಡೆ ಚರ್ಮದ ಚೀಲದಲ್ಲಿ ನಾಲ್ಕು ಮಳೆಗಾಲ ಮಲಗಿದ ಕ್ಯಾಮೆರಾ ಏನಾಗಿರುತ್ತದೆ? ಮಡಿಕೇರಿಯ ಆ ಬಾಡಿ ಮೊದಲ ಕ್ಲಿಕ್‌ನಲ್ಲಿ ಕೆಳಗಿನ ಕಾಲು ಭಾಗ ಕಪ್ಪು ತೋರಿಸಿತು. ಆರನೆಯದರ ಹೊತ್ತಿಗೆ ಸರಿಯಾಯಿತು. ಹತ್ತು ನಿಮಿಷ ಬಿಟ್ಟು ಕ್ಲಿಕ್ ಮಾಡಿದರೆ ಮತ್ತೆ ಕಪ್ಪು. ಸೆನ್ಸರ್ ಕ್ಲೀನಿಂಗ್ ಮೆನುವಿನಿಂದ ಕನ್ನಡಿ ಎತ್ತಿಸಿ ಟಾರ್ಚ್ ಹಿಡಿದೆ. ಸೆನ್ಸರ್ ಮೇಲಿನ ಗಾಜಿನ ಅಂಚಿನಲ್ಲಿ ಜೇಡನ ಬಲೆಯಂಥ ಎಳೆಗಳು. (ಹೀಗೆ ನೋಡುವಾಗ ಬ್ಯಾಟರಿ ತುಂಬಿರಲಿ. ಬೆರಳು ತಾಗಿಸಬೇಡಿ, ಬಾಯಿಂದ ಊದಬೇಡಿ.) ಮಾರುವವರು ಸುಳ್ಳು ಹೇಳಿರಲಿಲ್ಲ, ಪಾಪ. ಅವರಿಗೂ ಗೊತ್ತಿರಲಿಲ್ಲ.

"6000 ಅಲ್ವಾ ಅಕ್ಕಾ, ರಿಪೇರಿ ಮಾಡಿಸಿದ್ರೆ ಆಗಲ್ವಾ?" ಅಂದ ಹುಡುಗ. ಆಗುತ್ತದೆ. ಆದರೆ ಇಷ್ಟು ಹಳೆಯ ಬಾಡಿಗೆ ಶಟರ್ ಬದಲಿಸುವ ಖರ್ಚು ಬಾಡಿಯ ಬೆಲೆಯ ಹತ್ತಿರಕ್ಕೇ ಹೋಗಿಬಿಡಬಹುದು. ಬೇಡ ಅಂದೆ.

ಎರಡು ವಾರ ಬಿಟ್ಟು ಕುಶಾಲನಗರದಲ್ಲಿ ಒಂದು ಡಿ7100 ಸಿಕ್ಕಿತು. 61,000 ಕ್ಲಿಕ್. ಮದುವೆ ಕೆಲಸದ್ದೇ ಬಾಡಿ, ಬಣ್ಣ ಹೋಗಿತ್ತು. ಆದರೆ ವಾರ ವಾರ ದುಡಿದ ಶಟರ್ ಅದು. ಆ ಕಡೆ ಮಳೆಯೂ ಕಡಿಮೆ. ಭಾಗಮಂಡಲ, ಮಡಿಕೇರಿ ಕಡೆಯ ಬಾಡಿಗಿಂತ ಕುಶಾಲನಗರದ ಬಾಡಿಗೆ ನಾನು ಸ್ವಲ್ಪ ಹೆಚ್ಚು ದುಡ್ಡು ಕೊಡಲೂ ತಯಾರು. 1/8000ರಲ್ಲಿ ಹತ್ತಕ್ಕೆ ಹತ್ತು ಫೋಟೋ ಒಂದೇ ಸಮ ಬಂದವು. ಕೊಂಡೆವು.

ಕೊಂಡ ದಿನದ ಎಣಿಕೆಯನ್ನು ಬಿಲ್ ಹಿಂದೆ ಬರೆದಿಡಲು ಅವನಿಗೆ ಹೇಳಿದ್ದೇನೆ. ಚರ್ಮದ ಚೀಲ ಬೇಡ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಕಾಳು. ನೀಲಿ ಕಾಳು ತೇವಕ್ಕೆ ಬಣ್ಣ ಕಳೆದು ಗುಲಾಬಿ ಆದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ನೀಲಿ ಆಗುತ್ತದೆ. ಆ ಬಾಣಲೆಯನ್ನು ಆಮೇಲೆ ಅಡುಗೆಗೆ ಬಳಸಬಾರದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೊರಗೆ ತೆಗೆದು ನಿಧಾನ ವೇಗದಲ್ಲಿ ಹತ್ತು, ಜೋರು ವೇಗದಲ್ಲಿ ಹತ್ತು ಕ್ಲಿಕ್ ಮಾಡಬೇಕು. ಭಾನುವಾರ ಸಂಜೆ ಜಗಲಿಯಲ್ಲಿ ಕೂತು ಬಿಳಿ ಗೋಡೆಯ ಫೋಟೋ ತೆಗೆಯುತ್ತಾನೆ, ನನಗೆ ಕಳಿಸುತ್ತಾನೆ. ಡಾಕ್ಯುಮೆಂಟ್ ಆಗಿಯೇ.