ಸೆಲ್ಲು ಕೊನೆಗೆ: ಬಲ್ಬು ಹೊತ್ತಿಸುವ ತರಗತಿಯನ್ನು ನಾನು ನಡೆಸುವ ಬಗೆ

ವಿದ್ಯುತ್ ಮಂಡಲದ ಪಾಠದಲ್ಲಿ 40 ಮಕ್ಕಳ ಕೈಗೆ ಸಾಮಾನು ಕೊಟ್ಟಮೇಲೆ "ಎಲ್ಲರೂ ಇಲ್ಲಿ ಕೇಳಿ" ಎಂದರೆ ಯಾರೂ ಕೇಳುವುದಿಲ್ಲ. ಕೈಯಲ್ಲಿ ಬಲ್ಬು ಇದ್ದ ಮಗು ಅದನ್ನು ಹೊತ್ತಿಸಲು ನೋಡುವುದೇ ಸರಿ. ಹೊಸ ಶಿಕ್ಷಕರು ಇಲ್ಲಿ ದನಿ ಏರಿಸುತ್ತಾರೆ. ನಾನು ಸಾಮಾನು ಕೊಡುವ ಕ್ರಮದಿಂದಲೇ ತರಗತಿಯನ್ನು ಹಿಡಿತದಲ್ಲಿಡುತ್ತೇನೆ: ಹೇಳಬೇಕಾದ್ದೆಲ್ಲ ಮೊದಲು, ಬಲ್ಬು ವೈರು ಆಮೇಲೆ, ಸೆಲ್ಲು ಎಲ್ಲಕ್ಕಿಂತ ಕೊನೆಗೆ.

ನಾಲ್ವರಿಗೆ ಒಂದು ತಟ್ಟೆ. ಗುಂಪು ಆರಕ್ಕೆ ಏರಿದರೆ ಇಬ್ಬರಿಗೆ ಕೆಲಸವಿರುವುದಿಲ್ಲ, ಗಲಾಟೆ ಅಲ್ಲಿಂದಲೇ ಶುರು. ಸ್ವೀಟ್ ಬಾಕ್ಸಿನ ಮುಚ್ಚಳವೇ ತಟ್ಟೆ. ಅದರಲ್ಲಿ ಒಂದು ಟಾರ್ಚ್ ಬಲ್ಬು, 20 ಸೆಂ.ಮೀ. ಉದ್ದದ ಎರಡು ವೈರು, ಸೆಲ್ಲಿನ ತುದಿಗಳಿಗೆ ವೈರು ಒತ್ತಿಹಿಡಿಯಲು ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಒಂದು ರಬ್ಬರ್ ಪಟ್ಟಿ. ವೈರಿನ ತುದಿಗಳನ್ನು 2 ಸೆಂ.ಮೀ. ಸುಲಿದು, ಎಳೆಗಳನ್ನು ಹೊಸೆದು ಹಿಂದಿನ ದಿನವೇ ಇಟ್ಟಿರಬೇಕು. ತರಗತಿಯಲ್ಲಿ ಸುಲಿಯಲು ಬಿಟ್ಟರೆ ಹಲ್ಲಿನಲ್ಲಿ ಕಚ್ಚುತ್ತಾರೆ. ಬಲ್ಬಿನ ಮೇಲೆ ಬರೆದಿರುವ ವೋಲ್ಟ್ ನೋಡಿ ತನ್ನಿ. 2.5 ವೋಲ್ಟಿನದು 1.5 ವೋಲ್ಟಿನ ಒಂದೇ ಸೆಲ್ಲಿಗೆ ಮಂಕಾಗಿ ಉರಿಯುತ್ತದೆ. ಕಿಟಕಿ ಬೆಳಕಿನಲ್ಲಿ ಅದು ಕಾಣದೆ ಮಕ್ಕಳು "ಹೊತ್ತಲಿಲ್ಲ" ಎಂದು ಬರೆಯುತ್ತಾರೆ. ಸೆಲ್ಲು ಗಡಿಯಾರಕ್ಕೆ ಹಾಕುವ ಮಾಮೂಲಿಯದೇ ಸಾಕು. ಆಲ್ಕಲೈನ್ ಅಥವಾ ರೀಚಾರ್ಜ್ ಸೆಲ್ಲು ಶಾರ್ಟ್ ಆದರೆ, ಅಂದರೆ ಕರೆಂಟು ಬಲ್ಬಿನ ಮೂಲಕ ಹೋಗದೆ ನೇರ ಮರಳಿದರೆ, ಹೆಚ್ಚು ಕರೆಂಟು ಹರಿದು ವೈರು ಬೇಗ ಬಿಸಿಯಾಗುತ್ತದೆ.

ಪೀರಿಯಡ್ಡಿನ ಮೊದಲ 8 ನಿಮಿಷ ಮಕ್ಕಳ ಮುಂದೆ ನೋಟ್‌ಬುಕ್ ಮಾತ್ರ. ಬಲ್ಬು ಹೊತ್ತಲು ವೈರು ಎಲ್ಲೆಲ್ಲಿ ಮುಟ್ಟಬೇಕೆಂದು ಊಹಿಸಿ ಚಿತ್ರ ಬರೆಯುತ್ತಾರೆ. ಗೋಡೆಯ ಪ್ಲಗ್ಗಿನ ಹತ್ತಿರ ಯಾವ ವೈರೂ ಹೋಗಕೂಡದು ಎಂದು ಆಗಲೇ ಹೇಳುತ್ತೇನೆ. ನಿಲ್ಲಿಸುವ ಸೂಚನೆಯನ್ನೂ ಆಗಲೇ ಹೇಳಿಕೊಡುತ್ತೇನೆ: ಮೂರು ಚಪ್ಪಾಳೆ ಕೇಳಿದರೆ ಸೆಲ್ಲು ಬಿಡಿಸಿ ತಟ್ಟೆಯ ನಡುವೆ ಇಟ್ಟು ಕೈಕಟ್ಟಿ ಕೂರಬೇಕು. "ಸುಮ್ಮನಿರಿ" ಎಂದಾಗ ಯಾರು ಕೇಳಿದರು, ಯಾರು ಇಲ್ಲ ಎಂಬುದು ತಿಳಿಯದು. ತಟ್ಟೆಯ ನಡುವಿನ ಸೆಲ್ಲು ಮಾತ್ರ ಕೊನೆಯ ಬೆಂಚಿನದೂ ಕಾಣುತ್ತದೆ. ಹತ್ತೂ ಕಾಣುವವರೆಗೆ ನಾನು ಮಾತಾಡುವುದಿಲ್ಲ.

ಗುಂಪಿನಲ್ಲಿ ಒಬ್ಬರು ಸಾಮಾನು ತರುವುದು, ಒಬ್ಬರು ಜೋಡಿಸುವುದು, ಒಬ್ಬರು ಚಿತ್ರ ಬರೆಯುವುದು, ಒಬ್ಬರು ತರಗತಿಗೆ ಹೇಳುವುದು. 5 ನಿಮಿಷಕ್ಕೊಮ್ಮೆ ಜೋಡಿಸುವವರು ಬದಲಾಗಲೇಬೇಕು. ತಾವೇ ಹಂಚಿಕೊಳ್ಳಲಿ ಎಂದು ಬಿಟ್ಟರೆ ಹುಡುಗರು ವೈರು ಹಿಡಿದು ಹುಡುಗಿಯರಿಗೆ ಪೆನ್ನು ಕೊಟ್ಟುಬಿಡುತ್ತಾರೆ. ಇದನ್ನು ಮೊದಲ ದಿನವೇ ತಡೆಯಿರಿ.

ಸೆಲ್ಲು ಕೊಟ್ಟ ಎರಡೇ ನಿಮಿಷಕ್ಕೆ "ಮಿಸ್, ನಮ್ದು ಹೊತ್ತುತ್ತಿಲ್ಲ" ಎಂದು ನಾಲ್ಕು ಕಡೆಯಿಂದ ಕೂಗು ಬರುತ್ತದೆ. ಹೋಗಿ ಜೋಡಿಸಿಕೊಡಬೇಡಿ. ಬಹಳ ಸಲ ಎರಡೂ ವೈರು ಬಲ್ಬಿನ ಲೋಹದ ಕವಚವನ್ನೇ ಮುಟ್ಟಿರುತ್ತವೆ. ಆಗ ಕರೆಂಟು ಬಲ್ಬಿನೊಳಗೆ ಉರಿಯುವ ತಂತುವಿಗೆ ಹೋಗದೆ ಕವಚದ ಮೂಲಕವೇ ಮರಳುತ್ತದೆ. ಬಲ್ಬು ಹೊತ್ತುವುದಿಲ್ಲ, ವೈರು ಬಿಸಿಯಾಗುತ್ತದೆ. "ಬಿಸಿ ಅನಿಸಿದರೆ ತಕ್ಷಣ ಸೆಲ್ಲು ತೆಗೆಯಿರಿ" ಎಂಬ ಮಾತು ಬೋರ್ಡಿನ ಮೇಲಿರಲಿ. "ಬಲ್ಬಿನ ಕೆಳಗಿನ ಬೊಟ್ಟನ್ನು ಯಾವ ವೈರು ಮುಟ್ಟಿದೆ?" ಎಂದು ಕೇಳಿ ಮುಂದಿನ ಗುಂಪಿಗೆ ನಡೆಯಿರಿ. ಆಮೇಲೂ ಹೊತ್ತದಿದ್ದರೆ ಮೇಜಿನ ಮೇಲೆ ಹೊತ್ತುವುದು ಖಾತ್ರಿಯಿರುವ ಒಂದು ಜೋಡಣೆ ಇಟ್ಟಿರುತ್ತೇನೆ: ಮೊದಲು ಬಲ್ಬು, ಆಮೇಲೆ ಸೆಲ್ಲು, ಕೊನೆಗೆ ವೈರು, ಒಂದೊಂದಾಗಿ ಬದಲಿಸಿ ತಪ್ಪು ಎಲ್ಲಿದೆಯೆಂದು ಮಕ್ಕಳೇ ಹುಡುಕುತ್ತಾರೆ. ಮೂರು ಬಲ್ಬು ಹೆಚ್ಚುವರಿ ಇರಲಿ.

ಬೇಗ ಮುಗಿಸಿದವರಿಗೆ ಒಂದೇ ವೈರಿನಿಂದ ಹೊತ್ತಿಸುವ ಸವಾಲು. ಆಗುತ್ತದೆ: ಬಲ್ಬಿನ ಬೊಟ್ಟನ್ನು ನೇರ ಸೆಲ್ಲಿನ ಒಂದು ತುದಿಯ ಮೇಲಿಟ್ಟು, ಇನ್ನೊಂದು ತುದಿಯಿಂದ ವೈರನ್ನು ಕವಚಕ್ಕೆ ಮುಟ್ಟಿಸಿದರೆ ಸಾಕು. ವಾಹಕ (ಕರೆಂಟು ಹರಿಯಬಿಡುವ ವಸ್ತು), ಅವಾಹಕ (ಬಿಡದ ವಸ್ತು) ಪರೀಕ್ಷಿಸುವುದಾದರೆ ತುಕ್ಕು ಹಿಡಿದ ಮೊಳೆಯನ್ನು ಉಜ್ಜಿ ಕೊಡಿ. ಪೆನ್ಸಿಲ್ ಸೀಸದ ತುಂಡು ಉದ್ದವಾದರೆ ರೋಧ (ಕರೆಂಟಿಗೆ ಆಗುವ ತಡೆ) ಹೆಚ್ಚಿ ಬಲ್ಬು ಹೊತ್ತುವುದಿಲ್ಲ, ಮಕ್ಕಳು ಅವಾಹಕವೆಂದು ಬರೆದುಬಿಡುತ್ತಾರೆ.

ಬೇಕೆಂದೇ ಶಾರ್ಟ್ ಮಾಡಿ ಆಡುವ ಗುಂಪಿನಿಂದ ಸೆಲ್ಲನ್ನಷ್ಟೇ ಎರಡು ನಿಮಿಷ ಎತ್ತಿಕೊಳ್ಳುತ್ತೇನೆ. ಮಗುವನ್ನು ಹೊರಗೆ ನಿಲ್ಲಿಸುವುದಿಲ್ಲ. ಹೊರಗೆ ನಿಂತ ಮಗುವಿಗೆ ಪಾಠವೇ ತಪ್ಪುತ್ತದೆ.

ಬೆಲ್ಲಿಗೆ 12 ನಿಮಿಷ ಇರುವಾಗ ಸೆಲ್ಲು ಮೊದಲು ವಾಪಸ್, ಆಮೇಲೆ ತಟ್ಟೆ. ಥರ್ಮಾಕೋಲಿನಲ್ಲಿ ಹತ್ತು ತೂತು ಮಾಡಿ ಬಲ್ಬು ಸಿಕ್ಕಿಸಿದರೆ ಎಣಿಸುವ ಕೆಲಸವೇ ಇಲ್ಲ, ಖಾಲಿ ತೂತು ಕಣ್ಣಿಗೆ ಬೀಳುತ್ತದೆ. ಉಳಿದ ಸಮಯದಲ್ಲಿ ಮಕ್ಕಳು ತಮ್ಮ ಮೊದಲ ಚಿತ್ರವನ್ನು ಅಳಿಸದೆ, ಪಕ್ಕದಲ್ಲೇ ಹೊತ್ತಿದ ಜೋಡಣೆಯ ಚಿತ್ರ ಬರೆಯಬೇಕು.