ಕಳುವಾದ ಯೋಧನ ಮೂರ್ತಿಗೆ ನಾವು ವಂತಿಗೆ ಎತ್ತಿದ್ದು

ಅಂಕೋಲಾ ತಾಲ್ಲೂಕಿನ ನಮ್ಮೂರ ಶಾಲೆಯ ಅಂಗಳದಲ್ಲಿದ್ದ ಕಂಚಿನ ಯೋಧನನ್ನು ಮಳೆಗಾಲದ ಒಂದು ರಾತ್ರಿ ಕಾಲ ಬುಡದಲ್ಲೇ ಕೊಯ್ದು ಒಯ್ದರು. ಪೀಠದ ಮೇಲೆ ಬೂಟು ಮಾತ್ರ ಉಳಿದವು. ದೂರು ಕೊಟ್ಟರೂ ಮಾಲು ಸಿಗಲಿಲ್ಲ. ಕಂಚಿನಲ್ಲಿ ಬಹುಪಾಲು ತಾಮ್ರವೇ. ಕರಗಿಸಿದರೆ ಮುಗಿಯಿತು, ಯಾವ ಗುರುತೂ ಇಲ್ಲ. ಪೀಠದಲ್ಲಿ ಹೆಸರಿರುವ ಮಡಿದ ಯೋಧರ ಮನೆಯವರು ದಿನಾ ಅದೇ ದಾರಿಯಲ್ಲಿ ಓಡಾಡುವವರು. ಖಾಲಿ ಪೀಠವನ್ನು ಅವರಿಗೆ ತೋರಿಸುತ್ತ ಕೂರುವುದು ನಮ್ಮಿಂದಾಗಲಿಲ್ಲ. ನಿವೃತ್ತ ಸೈನಿಕರು, ಯುವಕ ಮಂಡಳದವರು, ನಾನು ಸೇರಿ ಸಮಿತಿ ಕಟ್ಟಿದೆವು.

ಮೊದಲು ಕಾಗದಪತ್ರ. ರಸ್ತೆ, ಫುಟ್‌ಪಾತ್‌ನಂಥ ಸಾರ್ವಜನಿಕ ಜಾಗದಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಆದೇಶಿಸಿದೆ. ನಮ್ಮ ಪೀಠ ಕಂಪೌಂಡಿನ ಒಳಗಿತ್ತು, ಬಚಾವಾದೆವು. ಪಂಚಾಯಿತಿ ಠರಾವು ಕೈಗೆ ಬಂದ ಮೇಲೇ ರಸೀದಿ ಪುಸ್ತಕ ಅಚ್ಚು ಹಾಕಿಸಿ, ಜಂಟಿ ಖಾತೆ ತೆಗೆದೆವು.

ಕರಾವಳಿಯಲ್ಲಿ ದುಡ್ಡು ಕೇಳಲಿಕ್ಕೂ ಹೊತ್ತು ನೋಡಬೇಕು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಬೇಲೇಕೇರಿಯ ಮನೆಗಳಲ್ಲಿ ಕೈ ಬರಿದು. ಚೌತಿ ಕಳೆದ ಮೇಲೆ ಹೊರಟೆವು. ಸಿರಸಿ ಕಡೆಯ ನೆಂಟರ ಹತ್ತಿರ ಅಡಿಕೆ ಮಾರಿದ ಮೇಲೆ ಹೋದೆವು.

ಮೀನುಪೇಟೆಯಲ್ಲಿ ಒಬ್ಬರು ಬುಟ್ಟಿ ಸರಿಸಿ ಕೇಳಿದರು: "ಮಾಸ್ತರೇ, ದುಡ್ಡು ಕೊಡ್ತೆ. ಇದ್ನೂ ಕದ್ಕಂಡ್ ಹೋದ್ರೆ ಎಂತ ಮಾಡ್ತ್ರಿ?" ಮನೆಮನೆಯಲ್ಲೂ ಇದೇ ಪ್ರಶ್ನೆ. ಸಮಿತಿಯಲ್ಲಿ ದೊಡ್ಡ ಚರ್ಚೆಯಾಯಿತು. ಹಿರಿಯ ಹವಾಲ್ದಾರರಿಗೆ ಕಂಚೇ ಬೇಕಿತ್ತು. ಕಳ್ಳರಿಗೆ ಹೆದರಿ ಬದಲಾಯಿಸುವುದೇ ಎಂದರು. ಆ ನೋವು ನನಗೆ ಅರ್ಥವಾಗುತ್ತಿತ್ತು. ಕೊನೆಗೆ ಅವರೇ ಕರಿಕಲ್ಲಿಗೆ ಒಪ್ಪಿದರು: ಗುಜರಿಯಲ್ಲಿ ಅದಕ್ಕೆ ಬೆಲೆಯಿಲ್ಲ, ಉಪ್ಪುಗಾಳಿಗೂ ಅದು ಜಗ್ಗುವುದಿಲ್ಲ. ಕಾರ್ಕಳದ ಶಿಲ್ಪಿಯಿಂದ ನಕ್ಷೆ, ದರಪಟ್ಟಿ ತರಿಸಿ ಮತ್ತೆ ಹೊರಟಾಗ ಜನರೇ ಕರೆದು ಕೊಟ್ಟರು. ಮೀನುಪೇಟೆಯ ಆ ಅಮ್ಮ ಸೆರಗಿನ ಗಂಟು ಬಿಚ್ಚಿ ಒದ್ದೆ ನೋಟುಗಳನ್ನು ಒಂದೊಂದಾಗಿ ಬಿಡಿಸಿ ಕೊಟ್ಟರು. ರಸೀದಿಯಲ್ಲಿ ಸೇನೆಯಲ್ಲಿರುವ ಮಗನ ಹೆಸರು ಬರೆಸಿದರು.

ಶಾಲೆಗಳಲ್ಲಿ ನಾನು ಕಾರವಾರದ ಚೆಂಡಿಯಾದ ರಾಮ ರಾಘೋಬ ರಾಣೆಯವರ ಕಥೆ ಹೇಳುತ್ತಿದ್ದೆ. 1948ರಲ್ಲಿ ನೌಶೇರಾ–ರಜೌರಿ ದಾರಿಯ ನೆಲಬಾಂಬು ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದವರು. ಮಕ್ಕಳು ಅದನ್ನು ಮನೆಯಲ್ಲಿ ಹೇಳಿ, ಸಂಜೆ ಅಪ್ಪಂದಿರು ಹುಡುಕಿಕೊಂಡು ಬರುತ್ತಿದ್ದರು. ಹೋಳಿ ಹಬ್ಬಕ್ಕೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದ ತಂಡ ತಾವು ಕುಣಿದು ಗಳಿಸಿದ್ದರಲ್ಲಿ ಪಾಲು ಕೊಟ್ಟಿತು. ಸಹಾಯಾರ್ಥ ಯಕ್ಷಗಾನಕ್ಕೆ ಅಭಿಮನ್ಯು ಕಾಳಗ ಇಟ್ಟೆವು. ಕಲಾವಿದರು ಸಂಭಾವನೆ ಮುಟ್ಟಲಿಲ್ಲ.

ಒಬ್ಬ ಗುತ್ತಿಗೆದಾರರು ಪೂರ್ತಿ ಖರ್ಚು ಹಾಕುತ್ತೇನೆ, ಪೀಠದಲ್ಲಿ ತಂದೆಯ ಹೆಸರು ಕೆತ್ತಿಸಿ ಎಂದರು. ಕೈಮುಗಿದು ಬೇಡವೆಂದೆವು. ಅಲ್ಲಿ ಮಡಿದವರ ಹೆಸರಿಗೆ ಮಾತ್ರ ಜಾಗ.

ಜಮಾಖರ್ಚನ್ನು ಗ್ರಾಮಸಭೆಯಲ್ಲಿ ಓದಿ, ಪಂಚಾಯಿತಿ ಫಲಕಕ್ಕೂ ಅಂಟಿಸಿದೆವು. ಉಳಿದ ಹಣದಲ್ಲಿ ದೀಪ, ಸಿಸಿ ಕ್ಯಾಮೆರಾ ಹಾಕಿಸಿದ್ದೇವೆ. ಕರೆಂಟ್ ಬಿಲ್ಲು ಯುವಕ ಮಂಡಳದವರು ಕಟ್ಟುತ್ತಿದ್ದಾರೆ.