ಹಾವಿನ ಕೇಸು ಬಂದಾಗ ಹೌಸ್ ಸರ್ಜನ್ ಮಾಡುವ ಕೆಲಸ

ನಾನು ಇಂಟರ್ನ್‌ಶಿಪ್, ಅಂದರೆ ಹೌಸ್ ಸರ್ಜನ್ ಕೆಲಸ, ಮಾಡಿದ್ದು ಮಲೆನಾಡಿನ ಅಂಚಿನ ಒಂದು ಜಿಲ್ಲಾಸ್ಪತ್ರೆಯಲ್ಲಿ. ನಾಲ್ಕೂವರೆ ವರ್ಷ ಎಂಬಿಬಿಎಸ್ ಓದಿ ಬಂದವರಿಗೆ ಅಲ್ಲಿ ಸಿಗುವ ಕೆಲಸ ಗೊತ್ತಲ್ಲ: ರಕ್ತ ತೆಗೆಯುವುದು, ಕ್ಯಾನುಲಾ ಹಾಕುವುದು, ಲ್ಯಾಬ್‌ಗೆ ಓಡುವುದು, ಕೇಸ್ ಶೀಟ್ ತುಂಬುವುದು. ಆದರೆ ಮಳೆಗಾಲ ಹಿಡಿದು ಗದ್ದೆ ಕೆಲಸ ಶುರುವಾದರೆ ಮೆಡಿಸಿನ್ ನೈಟ್ ಡ್ಯೂಟಿಗೆ ಹಾವಿನ ಕೇಸು ಬಂದೇ ಬರುತ್ತಿತ್ತು. ಆಗ ಈ ಚಿಲ್ಲರೆ ಕೆಲಸಗಳೇ ಚಿಕಿತ್ಸೆ.

ಮೊದಲು ಬೇಕಾದದ್ದು ಕಚ್ಚಿದ ಹೊತ್ತು. ಕೇಳಿದರೆ "ಸಂಜೆ, ಡಾಕ್ಟ್ರೇ" ಅನ್ನುತ್ತಾರೆ. ಸಂಜೆ ಅಂದರೆ ನಾಲ್ಕೂ ಆಗಬಹುದು, ಎಂಟೂ ಆಗಬಹುದು. ಅದಕ್ಕೆ ನಾನು "ಹಾಲು ಕರೆಯೋಕೆ ಮುಂಚೆನಾ, ಆಮೇಲಾ?" ಅಂತ ಕೇಳುತ್ತಿದ್ದೆ. ನಾಟಿ ಔಷಧಿಗೆ ಹೋಗಿ ಬಂದಿದ್ದರೆ ಬೈಯಬಾರದು. ಬೈದರೆ ಮುಂದಿನದ್ದೆಲ್ಲ ಮುಚ್ಚಿಡುತ್ತಾರೆ. ಕಾಲಿಗೆ ಬಿಗಿದ ಹಗ್ಗವನ್ನೂ ಡ್ರಿಪ್‌ಗೆ ಲೈನ್ ಸಿಗುವ ತನಕ ಬಿಚ್ಚುತ್ತಿರಲಿಲ್ಲ.

ಆಮೇಲೆ ಗಾಜಿನ ಟ್ಯೂಬು. 2 ಎಂಎಲ್ ರಕ್ತ ಹಾಕಿ 20 ನಿಮಿಷ ಮುಟ್ಟದೆ ಇಡಬೇಕು, ನಂತರ ಓರೆ ಮಾಡಿ ನೋಡಬೇಕು. ಇನ್ನೂ ನೀರಾಗಿಯೇ ಹರಿದರೆ ವಿಷ ಏರಿದೆ ಅಂತ. ನಮ್ಮ ಕಡೆ ಹೀಗೆ ಮಾಡುವ ಹಾವು ಹೆಚ್ಚಾಗಿ ಕೊಳಕು ಮಂಡಲ. ಟ್ಯೂಬು ಒಣಗಿರಬೇಕು, ಗಾಜಿನದ್ದೇ ಆಗಬೇಕು. ಪ್ಲಾಸ್ಟಿಕ್ ಆದರೆ, ಅಥವಾ ಸೋಪಿನಲ್ಲಿ ತೊಳೆದದ್ದಾದರೆ, ಫಲಿತಾಂಶ ನಂಬುವ ಹಾಗಿಲ್ಲ. ಪ್ಲಾಸ್ಟರ್ ಮೇಲೆ ಟೈಮ್ ಬರೆದು ಅಂಟಿಸಿ, ರೋಗಿಯ ಕಡೆಯವರ ಕೈಗೆ ಎಟುಕದ ಜಾಗದಲ್ಲಿ ಇಡುತ್ತಿದ್ದೆ. ಸುಮ್ನೆ ಎತ್ತಿ ನೋಡುವ ಆಸೆ ಎಲ್ಲರಿಗೂ ಇರುತ್ತೆ ಅಲ್ವಾ?

ರಕ್ತ ಹೆಪ್ಪುಗಟ್ಟಿತು ಅಂತ ನಿರಾಳವಾಗುವಂತಿಲ್ಲ. ನಾಗರಹಾವು, ಕಟ್ಟು ಹಾವಿನ ವಿಷ ಹೊಡೆಯುವುದು ನರಕ್ಕೆ. ರೆಪ್ಪೆ ಜೋತುಬೀಳುತ್ತಿದೆಯಾ ನೋಡಬೇಕು, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ ಅಂತ ಮತ್ತೆ ಮತ್ತೆ ನೋಡಬೇಕು. ಕಟ್ಟು ಹಾವಂತೂ ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ, ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಬರುತ್ತಾರೆ.

ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಶುರು ಮಾಡಿ ಅಂತ ಪಿಜಿ, ಅಂದರೆ ಎಂಡಿ ಓದುತ್ತಿರುವ ಸೀನಿಯರ್ ಡಾಕ್ಟರ್, ಹೇಳಿದರೆ ಕೈಗೆ ಕೆಲಸ. ಮೊದಲ ಡೋಸ್ 10 ವಯಲ್, ಅಂದರೆ ಹತ್ತು ಪುಟ್ಟ ಬಾಟಲಿ. ಮಗುವಿಗೂ ಅಷ್ಟೇ, ಯಾಕೆಂದರೆ ಹಾವು ಮಗು ಅಂತ ವಿಷ ಕಡಿಮೆ ಬಿಡುವುದಿಲ್ಲ. ವಯಲ್‌ನಲ್ಲಿ ಇರುವುದು ಪುಡಿ. ನೀರು ಹಾಕಿ ಕುಲುಕಿದರೆ ನೊರೆ ಬರುತ್ತದೆ, ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ಅವಸರದ ಹೊತ್ತಿನಲ್ಲಿ ಹತ್ತು ವಯಲ್ ಹೀಗೆ ಉರುಳಿಸುತ್ತ ಕೂರುವುದಕ್ಕೆ ತಾಳ್ಮೆ ಜಾಸ್ತಿ ಬೇಕು. ಸಿಸ್ಟರ್ ಜೊತೆಗೆ ಕುಳಿತರೆ ಪುಣ್ಯ. ಎಎಸ್‌ವಿಗೆ ಅಲರ್ಜಿಯಾದರೆ ಕೊಡಲು ಅಡ್ರಿನಲಿನ್ ಸಿರಿಂಜಿಗೆ ಎಳೆದಿಟ್ಟುಕೊಂಡೇ ಡ್ರಿಪ್ ಬಿಡುತ್ತಿದ್ದೆ. ತುರಿಕೆ, ದದ್ದು, ಬಿಪಿ ಇಳಿಯುವುದು ಶುರುವಾದರೆ ಹುಡುಕಾಡಲು ಸಮಯ ಇರುವುದಿಲ್ಲ.

ತೋಟದವರು ಬಂದರೆ ಇನ್ನೊಂದು ಪೇಚು. ಮೂಗು ಮೇಲಕ್ಕೆದ್ದ ಪುಟ್ಟ ಮಂಡಲವೊಂದಿದೆ, ಅದರ ವಿಷಕ್ಕೆ ನಮ್ಮ ಎಎಸ್‌ವಿ ಕೆಲಸ ಮಾಡುವುದಿಲ್ಲ. ಅದಕ್ಕೇ ಯಾವ ಹಾವು ಅಂತ ಗೊತ್ತಾದರೆ ಒಳ್ಳೆಯದು. ಹಾಗಂತ ಹಾವನ್ನು ಹೊಡೆದು ತರಬೇಡಿ. ಹೊಡೆಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಂಡು ಬಂದರೆ ನಮಗೆ ಎರಡು ಬೆಡ್ ಬೇಕಾಗುತ್ತದೆ. ದೂರದಿಂದ ಮೊಬೈಲ್‌ನಲ್ಲಿ ಫೋಟೋ ಸಿಕ್ಕರೆ ಸಾಕು.

2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಬರವಣಿಗೆ ಇನ್ನೊಂದಿಷ್ಟು ಹೆಚ್ಚಿತು ಅಂತ ಗೊಣಗುವವರಿದ್ದಾರೆ. ನನಗೆ ಅದು ಸರಿ ಅನಿಸುತ್ತದೆ. ಲೆಕ್ಕಕ್ಕೆ ಬಾರದ ಕೇಸಿಗೆ ವಯಲ್ ಕೇಳುವುದು ಹೇಗೆ?

ಗಾಜಿನ ಟ್ಯೂಬಿನ ಪರೀಕ್ಷೆಯನ್ನು 6 ಗಂಟೆಗೊಮ್ಮೆ ಮತ್ತೆ ಮಾಡಬೇಕು. ಅಷ್ಟರಲ್ಲಿ ಡ್ಯೂಟಿ ಬದಲಾಗಿರುತ್ತದೆ. ಹಾಗಾಗಿ ಮುಂದಿನ ಟೆಸ್ಟ್ ಎಷ್ಟು ಗಂಟೆಗೆ, ಮೂತ್ರ ಎಷ್ಟು ಹೋಗಿದೆ ಅನ್ನುವುದನ್ನು ಕೇಸ್ ಶೀಟಿನ ತಲೆಯ ಮೇಲೆ ದಪ್ಪಕ್ಷರದಲ್ಲಿ ಬರೆದು, ಬೆಳಗ್ಗೆ ಬರುವ ಇಂಟರ್ನ್‌ಗೆ ಬೆಡ್ ಪಕ್ಕದಲ್ಲೇ ನಿಂತು ಹೇಳಿ ಹೋಗುತ್ತಿದ್ದೆ.